ಪಾದದ ಹೆಚ್ಚುವರಿ ಮೂಳೆ: ಆಟಗಾರರಿಗೆ ನೋವೇಕೆ?

ಓಟ, ಖೋಖೋ, ಫುಟ್‌ಬಾಲ್ ಅಭ್ಯಾಸ ಮಾಡುವ ಕೆಲವು ಮಕ್ಕಳಿಗೆ ಪಾದದ ಒಳಬದಿಯಲ್ಲಿ, ಕಣಕಾಲಿನ ಗಂಟಿನಿಂದ ತುಸು ಕೆಳಗೆ, ಮುಂದಕ್ಕೆ, ಗಟ್ಟಿ ಉಬ್ಬೊಂದು ಇರುತ್ತದೆ. ಆಡಿದಷ್ಟೂ ಅದು ನೋಯುತ್ತದೆ. ಶೂ ಉಜ್ಜಿ ಕೆಂಪಾಗುತ್ತದೆ. ಉಳುಕೆಂದು ಎಣ್ಣೆ ಹಚ್ಚಿ ತಿಕ್ಕಿದರೂ ಬಿಡದ ಈ ನೋವಿನ ಹಿಂದೆ ಹೆಚ್ಚುವರಿ ಮೂಳೆಯೊಂದು ಇರಬಹುದು.

ಪಾದದಲ್ಲಿ ಸಾಮಾನ್ಯವಾಗಿ 26 ಮೂಳೆಗಳು. ಅವುಗಳಲ್ಲಿ ನಾವಿಕ್ಯುಲರ್ ಎಂಬುದರ ಪಕ್ಕದಲ್ಲಿ ಸುಮಾರು 10 ಜನರಲ್ಲಿ ಒಬ್ಬರಿಗೆ ಇನ್ನೊಂದು ಪುಟ್ಟ ಮೂಳೆ ಬೆಳೆದಿರುತ್ತದೆ. ಇದು ರೋಗವಲ್ಲ. ಹೆಚ್ಚಿನವರಿಗೆ ಅದು ಇರುವುದೇ ತಿಳಿಯುವುದಿಲ್ಲ.

ಹಾಗಾದರೆ ನೋವು ಎಲ್ಲಿಂದ? ಮೀನಖಂಡದ ಆಳದಿಂದ ಇಳಿದುಬರುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿನ ರಜ್ಜು ಅಂಗಾಲಿನ ಕಮಾನನ್ನು ಎತ್ತಿಹಿಡಿಯುತ್ತದೆ. ಕೆಲವರಲ್ಲಿ ಈ ರಜ್ಜು ಹೆಚ್ಚುವರಿ ಮೂಳೆಗೂ ಅಂಟಿಕೊಂಡಿರುತ್ತದೆ. ಆ ಮೂಳೆಯನ್ನು ನಾವಿಕ್ಯುಲರ್‌ಗೆ ಕೂಡಿಸಿರುವುದು ತೆಳುವಾದ ಮೃದ್ವಸ್ಥಿ ಮಾತ್ರ. ಓಡುವಾಗ, ಜಿಗಿಯುವಾಗ, ಗಕ್ಕನೆ ತಿರುಗುವಾಗ ರಜ್ಜು ಎಳೆದಂತೆಲ್ಲ ಆ ಬೆಸುಗೆಗೆ ಪೆಟ್ಟು ಬೀಳುತ್ತದೆ. ಚಪ್ಪಟೆ ಪಾದದವರಲ್ಲಿ ಎಳೆತ ಇನ್ನೂ ಹೆಚ್ಚು. ಮೂಳೆಗಳು ಗಟ್ಟಿಯಾಗುತ್ತಿರುವ ಹದಿಹರೆಯದಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ತೊಂದರೆ ಹೆಚ್ಚಾಗಿ ಕಾಣುತ್ತದೆ. ಕಾಲು ಉಳುಕಿದ ಬಳಿಕ ನೋವು ಮೊದಲ ಸಲ ಶುರುವಾಗುವುದೂ ಉಂಟು.

ಓರೆಯಾಗಿ ತೆಗೆದ ಎಕ್ಸ್‌ರೇಯಲ್ಲಿ ಈ ಮೂಳೆ ಚೆನ್ನಾಗಿ ಕಾಣುತ್ತದೆ. ಆದರೆ ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದು ತೀರ್ಮಾನಿಸಬಾರದು. ಒತ್ತಿದಾಗ ಸರಿಯಾಗಿ ಅಲ್ಲೇ ನೋಯಬೇಕು. ಸಂಶಯವಿದ್ದರೆ ಎಂಆರ್‌ಐ ಬೇಕಾಗುತ್ತದೆ. ಪಾದದ ಮೇಲ್ಭಾಗದ ನಡುವೆ ನೋವಿದ್ದರೆ ನಾವಿಕ್ಯುಲರ್ ಮೂಳೆಯಲ್ಲೇ ಸಣ್ಣ ಬಿರುಕು ಬಿಟ್ಟಿರಬಹುದು. ಅದನ್ನು ಕಡೆಗಣಿಸಿ ಓಡುವುದು ಅಪಾಯ.

ಚಿಕಿತ್ಸೆಯ ಮೊದಲ ಹೆಜ್ಜೆ ವಿಶ್ರಾಂತಿ. ಕೆಲವು ವಾರ ಓಟ, ಜಿಗಿತ ನಿಲ್ಲಿಸಿ, ನೋವಿರುವಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬೇಕು. ಉಬ್ಬನ್ನು ಒತ್ತದ ಅಗಲವಾದ ಶೂ, ಕಮಾನಿಗೆ ಆಸರೆ ಕೊಡುವ ಇನ್‌ಸೋಲ್ ಬೇಕು. ನೋವು ತೀವ್ರವಾಗಿದ್ದರೆ ವೈದ್ಯರು ಕೆಲವು ವಾರ ಪ್ಲಾಸ್ಟರ್ ಅಥವಾ ಪಾದ ಅಲುಗದಂತೆ ಹಿಡಿಯುವ ಬೂಟು ಹಾಕಿಸುತ್ತಾರೆ. ನೋವು ಇಳಿದ ಮೇಲೆ ಫಿಸಿಯೋಥೆರಪಿಯಿಂದ ಮೀನಖಂಡದ ಬಿಗಿತ ಸಡಿಲಿಸಿ, ಕಮಾನಿನ ಸ್ನಾಯುಗಳನ್ನು ಬಲಪಡಿಸಬೇಕು. ಬಹಳಷ್ಟು ಮಂದಿಗೆ ಇಷ್ಟೇ ಸಾಕಾಗುತ್ತದೆ.

ತಿಂಗಳುಗಟ್ಟಲೆ ಹೀಗೆ ಮಾಡಿಯೂ ನೋವು ಉಳಿದರೆ ಶಸ್ತ್ರಚಿಕಿತ್ಸೆ. ಹೆಚ್ಚುವರಿ ಮೂಳೆಯನ್ನು ತೆಗೆದು, ಅಗತ್ಯವಿದ್ದರೆ ರಜ್ಜುವನ್ನು ನಾವಿಕ್ಯುಲರ್‌ಗೆ ಮತ್ತೆ ಜೋಡಿಸುತ್ತಾರೆ. ಮೈದಾನಕ್ಕೆ ಮರಳಲು ಕೆಲವು ತಿಂಗಳು ಹಿಡಿಯುತ್ತದೆ.

ಮಗು ಕುಂಟುತ್ತಿದ್ದರೆ ಪಾಲಕರೂ ತರಬೇತುದಾರರೂ ‘ಸಹಿಸಿಕೊಂಡು ಓಡು’ ಎನ್ನಬಾರದು. ಆರಂಭದಲ್ಲೇ ಕೊಟ್ಟ ಕೆಲವು ವಾರಗಳ ಬಿಡುವು ಮುಂದೆ ಇಡೀ ಕ್ರೀಡಾಋತುವನ್ನೇ ಉಳಿಸಬಲ್ಲದು.