ದೇವರ ಮೇಲೆ ದಾವೆ: ಮನೆಮಂದಿ ಕೂಡಿ ನೋಡುವ ಚಿತ್ರವೇ?

ಭೂಕಂಪದಲ್ಲಿ ಒಬ್ಬ ವ್ಯಾಪಾರಿಯ ಅಂಗಡಿ ನೆಲಸಮವಾಗುತ್ತದೆ. ಇದು ದೈವಕೃತ್ಯ, ಕರಾರಿನ ಪ್ರಕಾರ ಇದಕ್ಕೆ ಪರಿಹಾರವಿಲ್ಲ ಎಂದು ವಿಮಾ ಕಂಪನಿ ಕೈತೊಳೆದುಕೊಳ್ಳುತ್ತದೆ. ಹಾಗಾದರೆ ನಷ್ಟ ತುಂಬಿಕೊಡಬೇಕಾದವನು ದೇವರೇ ಎಂದು ಆ ನಾಸ್ತಿಕ ವ್ಯಾಪಾರಿ ನ್ಯಾಯಾಲಯದ ಮೆಟ್ಟಿಲೇರುತ್ತಾನೆ. ದೇವರ ಪ್ರತಿನಿಧಿಗಳೆಂದು ಹೇಳಿಕೊಳ್ಳುವ ಸ್ವಾಮಿಗಳಿಗೆ ನೋಟಿಸು ಹೋಗುತ್ತದೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಕನ್ನಡ ಕುಟುಂಬಗಳಿಗೆ ಈ ಕಥೆ ಮೂರು ಭಾಷೆಗಳಲ್ಲಿ ಸಿಗುತ್ತದೆ. ಗುಜರಾತಿ ನಾಟಕವೊಂದನ್ನು ಆಧರಿಸಿ 2012ರಲ್ಲಿ ಹಿಂದಿಯ ‘ಓ ಮೈ ಗಾಡ್’ ಬಂದಿತು. 2015ರ ಸಂಕ್ರಾಂತಿಗೆ ವೆಂಕಟೇಶ್ ಮತ್ತು ಪವನ್ ಕಲ್ಯಾಣ್ ಅಭಿನಯದ ‘ಗೋಪಾಲ ಗೋಪಾಲ’ ತೆಲುಗಿನಲ್ಲಿ ತೆರೆಕಂಡಿತು. 2016ರಲ್ಲಿ ಉಪೇಂದ್ರ ಮತ್ತು ಸುದೀಪ್ ಜೋಡಿಯ ‘ಮುಕುಂದ ಮುರಾರಿ’ ಕನ್ನಡಕ್ಕೆ ಬಂದಿತು. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಟಿ.ವಿ.ಯಲ್ಲಿ ಹಿಂದಿ ಎಂಬಂತೆ ಬೆಳೆಯುವ ಮಕ್ಕಳ ಕಣ್ಣಿಗೆ ಇವುಗಳಲ್ಲಿ ಒಂದಾದರೂ ಬೀಳದೇ ಇರದು. ಆಗ ಏಳುವ ಪ್ರಶ್ನೆ ಸಹಜವಾದದ್ದು: ದೇವರನ್ನು ಕಟಕಟೆಗೆ ಎಳೆಯುವ ಚಿತ್ರವನ್ನು ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕುಳಿತು ನೋಡಬಹುದೇ?

ಪ್ರಮಾಣಪತ್ರ ಎಲ್ಲವನ್ನೂ ಹೇಳದು

ಪ್ರಮಾಣಪತ್ರ ನೋಡಿದರೆ ಸಾಕೆಂಬುದು ಹಲವರ ನಂಬಿಕೆ. 1952ರ ಚಲನಚಿತ್ರ ಕಾಯ್ದೆಯ ಅನ್ವಯ ಚಿತ್ರಗಳಿಗೆ ‘ಯು’, ‘ಯುಎ’, ‘ಎ’ ಎಂಬ ದರ್ಜೆಗಳಿವೆ. 2023ರ ತಿದ್ದುಪಡಿಯಿಂದ ‘ಯುಎ’ ದರ್ಜೆಯು 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆ ಎಂದು ಮೂರಾಗಿ ಒಡೆದಿದೆ. ಇದು ಪಾಲಕರಿಗೆ ನೆರವಾಗುವ ಸುಧಾರಣೆಯೇ ಸರಿ. ಆದರೂ ಪ್ರಮಾಣಪತ್ರ ಸೂಚಿಸುವುದು ವಯಸ್ಸನ್ನು ಮಾತ್ರ, ಮನೆಯ ಸಂಸ್ಕಾರವನ್ನಲ್ಲ.

ಇದಕ್ಕೆ ಅದೇ ಸರಣಿಯ ಎರಡನೆಯ ಹಿಂದಿ ಚಿತ್ರವೇ ಉದಾಹರಣೆ. 2023ರ ಆಗಸ್ಟ್‌ನಲ್ಲಿ ತೆರೆಕಂಡ ‘ಓಎಂಜಿ 2’ರಲ್ಲಿ ಶಿವಭಕ್ತನಾದ ತಂದೆಯೊಬ್ಬ, ಅಪಮಾನಕ್ಕೊಳಗಾಗಿ ಶಾಲೆಯಿಂದ ಹೊರಬಿದ್ದ ಮಗನ ಪರವಾಗಿ ಹೋರಾಡುತ್ತಾನೆ. ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಕೆಂಬುದು ಅವನ ವಾದ. ಹಲವು ಬದಲಾವಣೆಗಳ ನಂತರವೂ ಅದಕ್ಕೆ ದೊರೆತದ್ದು ‘ಎ’ ಪ್ರಮಾಣಪತ್ರ. ಯಾವ ವಯಸ್ಸಿನ ಮಕ್ಕಳ ಸಂಕಟವನ್ನು ಚಿತ್ರ ಹೇಳಿತೋ ಅದೇ ವಯಸ್ಸಿನವರಿಗೆ ಚಿತ್ರಮಂದಿರದ ಬಾಗಿಲು ಮುಚ್ಚಿತು. ಮಂಡಳಿಯ ನಿರ್ಣಯವೂ ಮನೆಯ ನಿರ್ಣಯವೂ ಬೇರೆ ಬೇರೆ ಎಂಬುದಕ್ಕೆ ಇಷ್ಟು ಸಾಕು.

ಧರ್ಮನಿಂದೆಯ ಕಾನೂನಿನ ಬಗೆಗೂ ತಪ್ಪು ತಿಳಿವಳಿಕೆಯಿದೆ. ಹಳೆಯ ದಂಡಸಂಹಿತೆಯ 295ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಂ ಆಗಿದೆ. ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಧಾರ್ಮಿಕ ಭಾವನೆಯನ್ನು ಕೆರಳಿಸುವುದು ಅಪರಾಧ. ಪ್ರತಿಯೊಂದು ಹಾಸ್ಯವೂ ಅಪರಾಧವಲ್ಲ. 1957ರಲ್ಲಿ ರಾಮಜಿಲಾಲ್ ಮೋದಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಗೆರೆಯನ್ನು ಎಳೆಯಿತು. 1989ರಲ್ಲಿ ತಮಿಳು ಚಿತ್ರವೊಂದಕ್ಕೆ ಸಂಬಂಧಿಸಿದ ರಂಗರಾಜನ್ ಪ್ರಕರಣದಲ್ಲಿ, ಚಿತ್ರವನ್ನು ಅಳೆಯಬೇಕಾದದ್ದು ಸಾಮಾನ್ಯ ವಿವೇಕವುಳ್ಳ ಮನುಷ್ಯನ ದೃಷ್ಟಿಯಿಂದ, ಅತಿಸೂಕ್ಷ್ಮ ಮನಸ್ಸಿನವನ ದೃಷ್ಟಿಯಿಂದಲ್ಲ ಎಂದಿತು. ಆದರೆ ಕಾನೂನು ತಡೆಯದ್ದೆಲ್ಲ ಮನೆಗೆ ಹಿತವಾಗಬೇಕೆಂದೇನೂ ಇಲ್ಲ. ಅಲ್ಲಿಂದ ಮುಂದಿನ ವಿಚಾರಣೆ ಪಾಲಕರದ್ದು.

ನಗೆಯ ಗುರಿ ಯಾರು?

ಆ ವಿಚಾರಣೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಚಿತ್ರ ನಗುವುದು ಯಾರನ್ನು ಕಂಡು? ದೇವರನ್ನೇ, ಭಕ್ತನನ್ನೇ, ಅಥವಾ ದೇವರ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನೇ?

‘ಓ ಮೈ ಗಾಡ್’ ಕಥೆ ನಗುವುದು ಬಹುಮಟ್ಟಿಗೆ ಮೂರನೆಯದನ್ನು ಕಂಡು. ನಾಸ್ತಿಕ ನಾಯಕನೇ ವಿಗ್ರಹಗಳಿಗೆ ಸುಳ್ಳು ಮಹಿಮೆ ಕಟ್ಟಿ ಮಾರುತ್ತಿದ್ದವನು; ಅವನನ್ನೂ ಕಥೆ ಬಿಡುವುದಿಲ್ಲ. ಅವನ ಸಹಾಯಕ್ಕೆ ಬರುವವನು ಸ್ವತಃ ಕೃಷ್ಣ. ಕೊನೆಗೆ ಜನ ಆ ನಾಸ್ತಿಕನಿಗೇ ಗುಡಿ ಕಟ್ಟಲು ಹೊರಟಾಗ, ತನ್ನ ಮೂರ್ತಿಯನ್ನು ತಾನೇ ಒಡೆಯುತ್ತಾನೆ. ಕಥೆ ದೇವರನ್ನು ತಳ್ಳಿಹಾಕದೆ ನಡುವಣ ದಲ್ಲಾಳಿಯನ್ನು ಪಕ್ಕಕ್ಕೆ ಸರಿಸುತ್ತದೆ.

ಕನ್ನಡಕ್ಕೆ ಇದು ಹೊಸತೇನೂ ಅಲ್ಲ. ಕಲ್ಲಿನ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವವರನ್ನು ಬಸವಣ್ಣ ಹನ್ನೆರಡನೆಯ ಶತಮಾನದಲ್ಲೇ ಚುಚ್ಚಿದ್ದ. ಹೊಟ್ಟೆಪಾಡಿಗಾಗಿ ವೈರಾಗ್ಯದ ವೇಷ ತೊಟ್ಟವರನ್ನು ಪುರಂದರದಾಸರು ಕೀರ್ತನೆಯಲ್ಲಿ ಹಾಸ್ಯ ಮಾಡಿದರು. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಮಾನವಿ ಇರುವುದು ಪಕ್ಕದ ರಾಯಚೂರು ಜಿಲ್ಲೆಯಲ್ಲೇ. ಆ ದಾಸಪರಂಪರೆಗೆ ಬೈದಂತೆ ತೋರುತ್ತ ಹೊಗಳುವ ನಿಂದಾಸ್ತುತಿಯೂ ಪರಿಚಿತ. ಹರಿಯೊಡನೆ ಜಗಳವಾಡುವ ಸಲಿಗೆ ಭಕ್ತಿಯದೇ ಒಂದು ಬಗೆ. ತೆಲುಗು ನೆರೆಹೊರೆಯೂ 1977ರ ‘ಯಮಗೋಲ’ದಿಂದ ಇಂದಿನವರೆಗೆ ಯಮ, ಚಿತ್ರಗುಪ್ತರನ್ನು ಕಂಡು ಮನಸಾರೆ ನಕ್ಕಿದೆ.

ಹೊರದೇಶಗಳೂ ಈ ಪೇಚಿಗೆ ಸಿಲುಕಿವೆ. 1979ರ ಇಂಗ್ಲಿಷ್ ಚಿತ್ರ ‘ಲೈಫ್ ಆಫ್ ಬ್ರಯಾನ್’ನಲ್ಲಿ, ಏಸು ಹುಟ್ಟಿದ ದಿನವೇ ಪಕ್ಕದ ಕೊಟ್ಟಿಗೆಯಲ್ಲಿ ಹುಟ್ಟಿದವನನ್ನು ಜನ ಉದ್ಧಾರಕನೆಂದು ಬೆನ್ನಟ್ಟುತ್ತಾರೆ. ನಾರ್ವೆಯಲ್ಲಿ ಅದು ನಿಷೇಧಕ್ಕೊಳಗಾಯಿತು. ನೆರೆಯ ಸ್ವೀಡನ್‌ನಲ್ಲಿ ಆ ನಿಷೇಧವನ್ನೇ ಜಾಹೀರಾತು ಮಾಡಿಕೊಂಡರು. ಬಾಗಿಲು ಮುಚ್ಚಿದಷ್ಟೂ ಕುತೂಹಲ ಹೆಚ್ಚುತ್ತದೆಂಬುದು ಕೈಯಲ್ಲಿ ಮೊಬೈಲ್ ಹಿಡಿದ ಮಕ್ಕಳ ಪಾಲಕರಿಗೆ ಹೇಳಬೇಕಾದ ಮಾತಲ್ಲ.

ಚಿತ್ರದ ಕೊರತೆ, ಪಾಲಕರ ಕೆಲಸ

ಹಾಗೆಂದು ಈ ಚಿತ್ರಗಳಲ್ಲಿ ದೋಷವಿಲ್ಲವೆಂದಲ್ಲ. ಕಥೆಯಲ್ಲಿ ಕಾವಿ ತೊಟ್ಟ ಪ್ರಮುಖರೆಲ್ಲ ಕಪಟಿಗಳಂತೆ ಕಾಣುತ್ತಾರೆ. ತಟ್ಟೆಗೆ ಬಿದ್ದ ಚಿಲ್ಲರೆಯಲ್ಲಿ ಸಂಸಾರ ಸಾಗಿಸುವ ಹಳ್ಳಿಯ ಅರ್ಚಕನಿಗೂ ಸಿಂಹಾಸನದ ಮೇಲೆ ಕುಳಿತ ಸ್ವಾಮಿಗೂ ಇರುವ ಅಂತರವನ್ನು ಕಥೆ ಹೇಳುವುದಿಲ್ಲ. ದೊಡ್ಡವರು ಅದನ್ನು ತುಂಬಿಕೊಳ್ಳಬಲ್ಲರು, ಏಳೆಂಟು ವರ್ಷದ ಮಗು ತುಂಬಿಕೊಳ್ಳಲಾರದು. ಸ್ವಾಮಿಯನ್ನು ಕಂಡು ನಕ್ಕದ್ದು ಅದಕ್ಕೆ ದೇವರನ್ನು ಕಂಡು ನಕ್ಕಂತೆಯೇ ಕಂಡೀತು. ಆದ್ದರಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇದನ್ನು ತೋರಿಸುವ ಅವಸರ ಬೇಡ. ಪ್ರೌಢಶಾಲೆಯ ಮಕ್ಕಳು ಹಿರಿಯರ ಜೊತೆ ಕುಳಿತು ನೋಡಬಹುದು, ನೋಡಬೇಕು ಕೂಡ.

ಜೊತೆಗೆ ಕೂರುವುದೆಂದರೆ ಸುಮ್ಮನೆ ಕೂರುವುದಲ್ಲ. ‘ಅಪ್ಪಾ, ದೇವರ ಮೇಲೆ ಖರೇನೇ ಕೇಸ್ ಹಾಕಬಹುದೇನು?’ ಎಂದು ಮಗು ಕೇಳಿದರೆ ಗದರಿಸುವ ಬದಲು ಉತ್ತರಿಸಬೇಕು. ಪ್ರತಿಷ್ಠಾಪಿತ ದೇವತಾ ವಿಗ್ರಹವನ್ನು ನಮ್ಮ ಕಾನೂನು ವ್ಯಕ್ತಿಯೆಂದೇ ಪರಿಗಣಿಸುತ್ತದೆ. ಅದಕ್ಕೆ ಆಸ್ತಿಯಿರಬಹುದು, ಅದು ದಾವೆ ಹೂಡಬಹುದು, ಅದರ ಮೇಲೆ ದಾವೆ ಹೂಡಲೂಬಹುದು. 2019ರ ಅಯೋಧ್ಯೆ ತೀರ್ಪಿನಲ್ಲಿ ರಾಮಲಲ್ಲಾ ವಿರಾಜಮಾನ್ ವಾದಿಯಾಗಿದ್ದುದು ಎಲ್ಲರಿಗೂ ತಿಳಿದದ್ದೇ. ಆದರೆ ವಿಮೆಯ ಭಾಷೆಯ ‘ದೈವಕೃತ್ಯ’ಕ್ಕೆ ದೇವರೇ ಮಾಡಿದ್ದು ಎಂಬ ಅರ್ಥವಿಲ್ಲ. ಮನುಷ್ಯ ಮುಂಗಾಣಲಾಗದ, ತಡೆಯಲಾಗದ ಪ್ರಕೃತಿಯ ಆಘಾತ ಎಂದಷ್ಟೇ ಅರ್ಥ. ಚಿತ್ರ ನಗಿಸಿದಲ್ಲಿ ಮನೆ ತಿಳಿವಳಿಕೆ ಕೊಡಬೇಕು.

ಇನ್ನೊಂದು ಒರೆಗಲ್ಲು ಈ ಸೀಮೆಯ ಬಾಳಿನಲ್ಲೇ ಇದೆ. ಅಲಾಯಿ ಹಬ್ಬದಲ್ಲಿ ಪೀರಗಳಿಗೆ ಕೈಮುಗಿಯುವ ಹಿಂದೂ ಮನೆಗಳು ಇಲ್ಲಿ ಕಡಿಮೆಯಿಲ್ಲ. ಚಿತ್ರ ಯಾವುದೇ ಧರ್ಮದ್ದಾಗಲಿ, ಆ ಧರ್ಮದ ನೆರೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವು ಹೀಗೆಯೇ ನಗಬಲ್ಲೆವೇ? ಬಲ್ಲೆವಾದರೆ ಅದು ಮನೆಮಂದಿಯ ಚಿತ್ರ. ನೆರೆಯವರು ಎದ್ದುಹೋದ ಮೇಲಷ್ಟೇ ನಗಬೇಕೆನಿಸುವ ಚಿತ್ರ, ಅದಕ್ಕೆ ಯಾವ ಪ್ರಮಾಣಪತ್ರವೇ ಇರಲಿ, ಮಕ್ಕಳ ಮುಂದಿಡುವಂಥದ್ದಲ್ಲ.