ಮಗನ ಬಯೋಡೇಟಾ ಬರೆಸಲು ಹಣ ಕೊಡಬೇಕೆ?



ಕಳೆದ ತಿಂಗಳು ಮಣ್ಣಿನ ಮಾದರಿ ತೆಗೆಯಲು ಹೋಗಿದ್ದಾಗ ಯಜಮಾನರೊಬ್ಬರು ನನ್ನನ್ನು ಬದುವಿನ ಮೇಲೆ ಕೂರಿಸಿಕೊಂಡು ಕೇಳಿದರು: “ನಮ್ಮ ಹುಡುಗ ಐ.ಟಿ.ಐ. ಮುಗಿಸಿ ಮನೆಯಲ್ಲಿದ್ದಾನೆ. ಪೇಟೆಯಲ್ಲಿ ಬಯೋಡೇಟಾ ಬರೆದುಕೊಡೋರು ಮೂರು ಸಾವಿರ ಕೇಳ್ತಾರೆ. ಒಂದು ಮೇಕೆಮರಿ ಮಾರಿದ್ರೆ ಆಗುತ್ತೆ. ಮಾರಲೋ ಬೇಡವೋ, ನೀವೇ ಹೇಳಿ ಸಾರ್.”

ಈ ಪ್ರಶ್ನೆ ಅವರೊಬ್ಬರದಲ್ಲ. ಓದಿದ ಮಕ್ಕಳಿರುವ ಪ್ರತಿ ಮನೆಯದೂ ಹೌದು. ಆದುದರಿಂದ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಕೆಲಸಕ್ಕೆ ಎಂಬುದನ್ನು ಮೊದಲು ನೋಡಿ

ರೋಗ ಯಾವುದೆಂದು ತಿಳಿಯದೆ ಬೆಳೆಗೆ ಔಷಧಿ ಹೊಡೆಯುವವನು ಜಾಣನಲ್ಲ. ಹಾಗೆಯೇ ಕೆಲಸ ಯಾವುದೆಂದು ತಿಳಿಯದೆ ಬಯೋಡೇಟಾ ಬರೆಸಬಾರದು. ಕರ್ನಾಟಕ ಲೋಕಸೇವಾ ಆಯೋಗ, ಪರೀಕ್ಷಾ ಪ್ರಾಧಿಕಾರ, ರೈಲ್ವೆ ಇವುಗಳ ನೇಮಕಾತಿಗೆ ಅವರದೇ ಅರ್ಜಿ ನಮೂನೆ ಇರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ತುಂಬಬೇಕು, ಪರೀಕ್ಷೆ ಬರೆಯಬೇಕು. ಗ್ರಾಮೀಣ ಅಂಚೆ ಸೇವಕರ ಆಯ್ಕೆಯಂತೂ ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ನಡೆಯುತ್ತದೆ. ಇಲ್ಲೆಲ್ಲ ಅಂದವಾದ ಬಯೋಡೇಟಾಕ್ಕೆ ಒಂದು ಅಂಕವೂ ಸಿಕ್ಕುವುದಿಲ್ಲ. ಆ ಹಣ ಪುಸ್ತಕಕ್ಕೂ ಪರೀಕ್ಷಾ ಶುಲ್ಕಕ್ಕೂ ಇರಲಿ.

ಬಯೋಡೇಟಾ ಬೇಕಾಗುವುದು ಖಾಸಗಿ ಕಾರ್ಖಾನೆ, ಬೀಜ ಗೊಬ್ಬರದ ಕಂಪನಿ, ಆಸ್ಪತ್ರೆ, ಅಂಗಡಿ ಮಳಿಗೆಗಳ ಕೆಲಸಕ್ಕೆ. ಅಲ್ಲಿಯೂ ಅದು ಮಾಡುವ ಕೆಲಸ ಒಂದೇ. ನೂರಾರು ಅರ್ಜಿಗಳ ನಡುವೆ ನಿಮ್ಮ ಹುಡುಗನನ್ನು ಸಂದರ್ಶನಕ್ಕೆ ಕರೆಯುವಂತೆ ಮಾಡುವುದು. ಬಾಗಿಲು ತೆರೆಯುವುದು ಕಾಗದ. ಒಳಗೆ ಹೋಗಿ ಉತ್ತರ ಹೇಳಬೇಕಾದವನು ಹುಡುಗ.

ನಾನು ಕಲಿತ ಪಾಠ

ನಾನು ಕೃಷಿ ಡಿಪ್ಲೊಮಾ ಮುಗಿಸಿದ ವರ್ಷ ತಂದೆಯವರಿಂದ 1,500 ರೂಪಾಯಿ ಪಡೆದು ಪಟ್ಟಣದಲ್ಲಿ ಒಬ್ಬರಿಂದ ಬಯೋಡೇಟಾ ಬರೆಸಿದೆ. ದಪ್ಪ ಕಾಗದ, ಬಣ್ಣದ ಅಂಚು, ನನಗೇ ಅರ್ಥವಾಗದ ಇಂಗ್ಲಿಷು. ಸಂದರ್ಶನಕ್ಕೆ ಕರೆಯೂ ಬಂತು. ಅಲ್ಲಿದ್ದ ಹಿರಿಯರು ಕಾಗದ ನೋಡಿ, “ಹನಿ ನೀರಾವರಿ ಯೋಜನೆ ರೂಪಿಸಿದ್ದೀರಂತೆ. ಎರಡು ಎಕರೆ ಟೊಮೆಟೊಗೆ ಎಷ್ಟು ಅಳತೆಯ ಮುಖ್ಯ ಪೈಪು ಹಾಕುತ್ತೀರಿ?” ಎಂದರು. ನಾನು ಯೋಜನೆ ರೂಪಿಸಿರಲಿಲ್ಲ. ಲ್ಯಾಟರಲ್ ಪೈಪು ಎಳೆದಿದ್ದೆ, ಫಿಲ್ಟರು ತೊಳೆದಿದ್ದೆ, ಕಟ್ಟಿಕೊಂಡ ಡ್ರಿಪ್ಪರು ಬಿಡಿಸಿದ್ದೆ. ಇದ್ದದ್ದನ್ನು ಇದ್ದಂತೆ ಬರೆದಿದ್ದರೆ ಆ ಬಗ್ಗೆ ಅರ್ಧ ಗಂಟೆ ಮಾತನಾಡುತ್ತಿದ್ದೆ. ಬರೆಯದ್ದನ್ನು ಹೇಳಲು ಬಾಯಿ ಬರಲಿಲ್ಲ, ಬರೆದದ್ದಕ್ಕೆ ಉತ್ತರವಿರಲಿಲ್ಲ. ತಲೆ ತಗ್ಗಿಸಿ ಹೊರಗೆ ಬಂದೆ.

ಬರೆದವರನ್ನೇ ದೂರಿ ಫಲವಿಲ್ಲ. ಓದಿ ತಿಳಿಯದೆ ಸಹಿ ಹಾಕಿದವನು ನಾನು.

ಸರಕು ಮನೆಯಲ್ಲೇ ಇದೆ

ನಮ್ಮ ಮಕ್ಕಳು ಊರಿನಲ್ಲಿ ಮಾಡಿದ ಕೆಲಸವನ್ನು ಕೆಲಸವೆಂದೇ ಎಣಿಸುವುದಿಲ್ಲ. ಆ ಯಜಮಾನರ ಮಗನನ್ನು ಕೂರಿಸಿ ಕೇಳಿದೆ. ಎಲೆಕ್ಟ್ರಿಷಿಯನ್ ಕಲಿತವನು. ಸುತ್ತಲಿನ ತೋಟಗಳಲ್ಲಿ ಪಂಪುಸೆಟ್ಟಿನ ಸ್ಟಾರ್ಟರು ರಿಪೇರಿ ಮಾಡುತ್ತಾನೆ. ಸುಟ್ಟ ಮೋಟಾರಿಗೆ ವೈಂಡಿಂಗ್ ಮಾಡಿದ್ದಾನೆ. ಎರಡು ವರ್ಷ ಹಾಲಿನ ಡೇರಿಯಲ್ಲಿ ಬೆಳಗಿನ ಲೆಕ್ಕ ಬರೆದಿದ್ದಾನೆ. ಆದರೆ ಅವನು ಬರೆದಿಟ್ಟಿದ್ದ ಕಾಗದದಲ್ಲಿ ಇದೊಂದೂ ಇರಲಿಲ್ಲ! “ಅದೆಲ್ಲ ಹಳ್ಳಿ ಕೆಲಸ ಸಾರ್” ಎಂದ. ಕಾರ್ಖಾನೆಯವರಿಗೆ ಬೇಕಾಗಿರುವುದೇ ಅದು. ಇದನ್ನು ಹಣ ತೆಗೆದುಕೊಂಡು ಬರೆಯುವವರು ತಾವಾಗಿ ಊಹಿಸಲಾರರು.

ಆದುದರಿಂದ ಮೊದಲು ಕನ್ನಡದಲ್ಲಿಯೇ ಬರೆಯಿರಿ: ಹೆಸರು, ಊರು, ಫೋನ್ ನಂಬರು, ಓದು, ಪಾಸಾದ ವರ್ಷ, ಮಾಡಿದ ಕೆಲಸ, ಎಲ್ಲಿ, ಎಷ್ಟು ಕಾಲ, ಓಡಿಸಬಲ್ಲ ಯಂತ್ರ, ಬಲ್ಲ ಭಾಷೆಗಳು. ಹೊಸಬರಿಗೆ ಒಂದು ಪುಟ ಸಾಕು. ಕೆಲಸದ ಜಾಹೀರಾತಿನಲ್ಲಿ ಏನು ಕೇಳಿದ್ದಾರೋ ಅದು ಮೇಲೆ ಬರಲಿ. ಬಣ್ಣ, ಚಿತ್ರ, ಚೌಕಗಳು ಬೇಡ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಕಂಪ್ಯೂಟರೇ ಜರಡಿ ಹಿಡಿಯುವುದುಂಟು. ಅಲಂಕಾರ ಹೆಚ್ಚಾದರೆ ಅದಕ್ಕೆ ಅಕ್ಷರ ಸರಿಯಾಗಿ ತಿಳಿಯದೆ ಹೋಗಬಹುದು.

ಹಣವಿಲ್ಲದೆ ಸಿಗುವ ನೆರವು

ಇಂಗ್ಲಿಷಿಗೆ ತಿರುಗಿಸಲು ಶಾಲೆಯ ಮೇಷ್ಟ್ರನ್ನೋ ಕಲಿತ ಸಂಸ್ಥೆಯ ಶಿಕ್ಷಕರನ್ನೋ ಕೇಳಿ. ಅನೇಕ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರಿದೆ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಬಹುದು. ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣದಲ್ಲಿ ಕೆಲಸ ಹುಡುಕುವವರು ನೋಂದಾಯಿಸಿಕೊಳ್ಳಲು ಶುಲ್ಕವಿಲ್ಲ.

ಹಣ ಕೊಡುವುದು ಯಾವಾಗ?

ಎಂದೂ ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಹತ್ತು ವರ್ಷ ದುಡಿದು ಮೇಲಿನ ಹುದ್ದೆಗೆ ಹೋಗಬೇಕಾದವರಿಗೆ, ಒಂದು ಕಸುಬಿನಿಂದ ಮತ್ತೊಂದಕ್ಕೆ ಬದಲಾಗುವವರಿಗೆ, ಹೇಳುವುದು ಬಹಳವಿದ್ದು ಜೋಡಿಸಲು ಬಾರದವರಿಗೆ ಒಳ್ಳೆಯ ಬರಹಗಾರರಿಂದ ಪ್ರಯೋಜನವುಂಟು. ಆದರೆ ಈ ಎಚ್ಚರಿಕೆಗಳಿರಲಿ:

1. ಕ್ರಯಪತ್ರ ಬರೆಯುವ ಪತ್ರ ಬರಹಗಾರರಿಗೆ ಸರಕಾರದ ಪರವಾನಗಿ ಇರುತ್ತದೆ. ಬಯೋಡೇಟಾ ಬರೆಯುವವರಿಗೆ ಅಂಥದ್ದೇನೂ ಬೇಕಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು. ಅವರು ಹಿಂದೆ ಬರೆದ ಒಂದೆರಡು ಮಾದರಿ ನೋಡಿ.

2. ಒಟ್ಟು ಹಣವೆಷ್ಟು, ತಿದ್ದಿಕೊಡುತ್ತಾರೆಯೇ ಎಂಬುದನ್ನು ಮೊದಲೇ ಮಾತಾಡಿ. ಮುಂದೆ ನೀವೇ ತಿದ್ದಿಕೊಳ್ಳಲು ಬರುವಂತೆ ಫೈಲು ಕೇಳಿ ಪಡೆಯಿರಿ.

3. ಹುಡುಗನನ್ನು ಕೂರಿಸಿ ಪ್ರಶ್ನೆ ಕೇಳದೆ ಬರೆಯುವವರ ಬಳಿ ಹೋಗಬೇಡಿ.

4. ಅಂಕಪಟ್ಟಿಯ ಮೂಲಪ್ರತಿ, ಆಧಾರ್ ಪ್ರತಿ, ಫೋನಿಗೆ ಬರುವ ಒ.ಟಿ.ಪಿ. ಇವನ್ನು ಕೊಡಬೇಡಿ. ಬರೆಯುವುದಕ್ಕೆ ಇವು ಬೇಕಾಗಿಲ್ಲ.

5. “ಬಯೋಡೇಟಾ ಬರೆಸಿದರೆ ಕೆಲಸ ಗ್ಯಾರಂಟಿ” ಎಂದವರಿಗೆ ಕೈಮುಗಿದು ಎದ್ದು ಬನ್ನಿ. ಕೆಲಸ ಕೊಡುವವನು ಕಂಪನಿಯವನೇ ಹೊರತು ಬರೆಯುವವನಲ್ಲ. ಫೋನಿನ ಮೂಲಕ ಹಣ ಕಳುಹಿಸಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಯಜಮಾನರ ಮನೆಯ ಜಗುಲಿಯಲ್ಲಿ ಎರಡು ಸಂಜೆ ಕೂತು ಹುಡುಗನೇ ಬರೆದ. ಮೇಷ್ಟ್ರು ಇಂಗ್ಲಿಷು ತಿದ್ದಿದರು. ಬೆರಳಚ್ಚಿಗೂ ಪ್ರತಿಗಳಿಗೂ ಸೇರಿ 80 ರೂಪಾಯಿ ಖರ್ಚಾಯಿತು. ಕೆಲಸ ಇನ್ನೂ ಸಿಕ್ಕಿಲ್ಲ. ಒಂದು ಮೋಟಾರು ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂದಿದೆ. ಕಾಗದದ ಯಾವ ಸಾಲಿನ ಮೇಲೆ ಕೇಳಿದರೂ ಹುಡುಗ ಉತ್ತರ ಹೇಳಬಲ್ಲ. ಮೇಕೆಮರಿ ಕೊಟ್ಟಿಗೆಯಲ್ಲೇ ಇದೆ.

ನಿಮ್ಮ ಮನೆಯಲ್ಲಿಯೂ ಇಂಥ ಕಾಗದವಿದ್ದರೆ, ನಾನು ಊರಿಗೆ ಬಂದ ದಿನ ತೋರಿಸಿ. ಮಣ್ಣಿನ ಮಾದರಿಯ ಜೊತೆಗೆ ಅದನ್ನೂ ನೋಡೋಣ.

ನಿಮ್ಮ ಗ್ರಾಮಸೇವಕ