ಮಗು ಎಷ್ಟು ಕೊಟ್ಟರೂ ತಿನ್ನುತ್ತಲೇ ಇದೆಯೇ? ‘ಜಂತುಹುಳು, ಹಟ’ ಎನ್ನುವ ಮೊದಲು ಇದನ್ನು ಓದಿ

ಮಗು ಎಷ್ಟು ತಿಂದರೂ ಸಾಕು ಎನ್ನುವುದಿಲ್ಲ, ಕೊಡದಿದ್ದರೆ ಚೀರಾಡಿ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಹಾಗಿದ್ದರೆ ಹೊಟ್ಟೆಯಲ್ಲಿ ಜಂತುಹುಳು ಇದೆ, ಇಲ್ಲವೇ ದೃಷ್ಟಿ ತಾಗಿದೆ. ಎರಡು ದಿನ ಊಟ ಕಡಿಮೆ ಮಾಡಿ, ಹಟ ತಾನೇ ಇಳಿಯುತ್ತದೆ.

ಇಂಥ ಸಲಹೆಗಳು ವಾಟ್ಸ್ಆಪ್‌ನಲ್ಲಿ ಗ್ರೂಪಿನಿಂದ ಗ್ರೂಪಿಗೆ ಹೋಗುತ್ತಲೇ ಇರುತ್ತವೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಮನೆಯ ಹಿರಿಯರ ಬಾಯಲ್ಲೂ ಇದೇ ಮಾತು. ಇದರಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಜಂತುಹುಳು ಇದ್ದರೆ ಹಸಿವು ಹೆಚ್ಚುತ್ತದೆಯೇ?

ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಜಂತುಹುಳು ಹೆಚ್ಚಾದ ಮಗುವಿಗೆ ಹೊಟ್ಟೆನೋವು, ರಕ್ತಹೀನತೆ, ಸುಸ್ತು ಬರುತ್ತದೆ, ಊಟ ಸೇರದಂತಾಗುತ್ತದೆ. ಹಾಗಂತ ಜಂತುಹುಳುವಿನ ಮಾತ್ರೆ ಬೇಡ ಎಂದಲ್ಲ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಅದನ್ನು ತಪ್ಪದೆ ಕೊಡಿಸಿ. ಆದರೆ ಮಾತ್ರೆ ನುಂಗಿದ ಮೇಲೂ ಮಗು ಬೇಕು ಬೇಕು ಎನ್ನುತ್ತಿದ್ದರೆ ಕಾರಣ ಬೇರೆ ಕಡೆ ಇದೆ.

ಊಟ ಕಡಿಮೆ ಮಾಡಬಹುದೇ?

ನಮ್ಮ ಜಿಲ್ಲೆಯಲ್ಲಿ ಈ ಸಲಹೆ ಅಪಾಯಕಾರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಇಂಥ ಮಕ್ಕಳು ಅರ್ಧಕ್ಕಿಂತಲೂ ಹೆಚ್ಚು. 2021ರ ಡಿಸೆಂಬರ್‌ನಲ್ಲಿ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಸರ್ಕಾರ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಯಾದಗಿರಿಯೂ ಇತ್ತು.

ಹಾಗಾಗಿ ಇಲ್ಲಿ ಹೆಚ್ಚು ತಿನ್ನುತ್ತಿರುವಂತೆ ಕಾಣುವ ಮಗು ನಿಜವಾಗಿಯೂ ಹಸಿದಿರಬಹುದು. ಜ್ವರ, ಭೇದಿಯಿಂದ ಎದ್ದ ಮಗು ಕಳೆದುಕೊಂಡ ತೂಕ ತುಂಬಿಕೊಳ್ಳಲು ಕೆಲವು ವಾರ ಹೆಚ್ಚು ತಿನ್ನುತ್ತದೆ. ಬರೀ ಚಹಾ–ಬಿಸ್ಕತ್ತು, ಬಿಳಿ ಅನ್ನ ತಿಂದ ಮಗುವಿಗೆ ಬೇಗ ಮತ್ತೆ ಹಸಿವಾಗುತ್ತದೆ. ಬೇಳೆ, ಕಾಳು, ಮೊಟ್ಟೆ, ಶೇಂಗಾ ಹಿಂಡಿ ಇದ್ದ ಊಟ ಹೆಚ್ಚು ಹೊತ್ತು ತಡೆಯುತ್ತದೆ.

ಮೊದಲು ಮಾಡಬೇಕಾದ ಕೆಲಸ ಒಂದೇ. ತಾಯಿ ಕಾರ್ಡ್ ಹಿಡಿದು ಅಂಗನವಾಡಿಗೆ ಹೋಗಿ, ಮಗುವಿನ ತೂಕ, ಎತ್ತರ ಅಳೆಸಿ. ಬೆಳವಣಿಗೆ ಪಟ್ಟಿಯಲ್ಲಿ ಗೆರೆ ಮೇಲಕ್ಕೆ ಹೋಗುತ್ತಿದೆಯೋ, ಅಡ್ಡ ಬಿದ್ದಿದೆಯೋ, ಕೆಳಗಿಳಿದಿದೆಯೋ ನೋಡಿ. ಕಣ್ಣಂದಾಜಿನಲ್ಲಿ ‘ದಪ್ಪಗಿದೆ’, ‘ಸಣ್ಣಗಿದೆ’ ಎನ್ನುವುದಕ್ಕಿಂತ ಆ ಗೆರೆ ನಂಬಿಕೆಗೆ ಅರ್ಹ.

ತಡಮಾಡಬಾರದ ಲಕ್ಷಣಗಳು

ಮಗು ಹೆಚ್ಚು ತಿಂದರೂ ಸೊರಗುತ್ತಿದೆಯೇ? ಪದೇ ಪದೇ ನೀರು ಕೇಳುತ್ತಿದೆಯೇ? ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡುತ್ತಿದೆಯೇ? ಇವು ಟೈಪ್ 1 ಮಧುಮೇಹದ ಲಕ್ಷಣಗಳು. ಸಕ್ಕರೆ ಕಾಯಿಲೆ ಮಕ್ಕಳಿಗೂ ಬರುತ್ತದೆ. ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆಯಲ್ಲೇ ಸುಳಿವು ಸಿಗುತ್ತದೆ. ಇದರ ಜೊತೆ ವಾಂತಿ, ಜೋರಾದ ಉಸಿರಾಟ, ಮಂಪರು ಇದ್ದರೆ ಒಂದು ಗಂಟೆಯೂ ಕಾಯಬೇಡಿ, ಆಸ್ಪತ್ರೆಗೆ ಓಡಿ. ಇಂಥ ಹೊತ್ತಿನಲ್ಲಿ ದೃಷ್ಟಿ ತೆಗೆಯುತ್ತ, ತಾಯತ ಕಟ್ಟಿಸುತ್ತ ಕೂತರೆ ಮಗುವಿನ ಜೀವವೇ ಹೋಗಬಹುದು. ಬರೆ ಹಾಕಿಸುವುದಂತೂ ಯಾವ ಕಾಯಿಲೆಗೂ ಮದ್ದಲ್ಲ.

ಕೆಲವು ಔಷಧಿಗಳೂ ಹಸಿವು ಹೆಚ್ಚಿಸುತ್ತವೆ. ಸ್ಟೀರಾಯ್ಡ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್, ವಿಪರೀತ ಸಿಟ್ಟಿಗೆ ಕೊಡುವ ರಿಸ್ಪೆರಿಡೋನ್ ಇವುಗಳಲ್ಲಿ ಸೇರಿವೆ. ಆದರೆ ನೀವಾಗಿಯೇ ಔಷಧಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ವಿಷಯ ಹೇಳಿ.

ಇನ್ನೊಂದು ಅಪರೂಪದ ಕಾಯಿಲೆ ಪ್ರಾಡರ್–ವಿಲ್ಲಿ ಸಿಂಡ್ರೋಮ್. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಇದನ್ನು ಮೊದಲು ವಿವರಿಸಿದರು. ಸುಮಾರು 15,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಹುಟ್ಟಿದಾಗ ಮೈ ಮೆತ್ತಗೆ ಜೋತುಬಿದ್ದಿದ್ದು, ಹಾಲು ಚೀಪಲೂ ಆಗದಿದ್ದ ಮಗು ಕೆಲವು ವರ್ಷಗಳ ನಂತರ ತಡೆಯಲಾಗದಷ್ಟು ತಿನ್ನತೊಡಗುತ್ತದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. 15ನೇ ಕ್ರೋಮೋಸೋಮಿನಲ್ಲಿ ಆಗುವ ವ್ಯತ್ಯಾಸ ಇದಕ್ಕೆ ಕಾರಣ. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ.

ಇವು ಯಾವುವೂ ಇಲ್ಲದಿದ್ದರೆ?

ಆಗ ಮನಸ್ಸಿನ ಕಡೆ ನೋಡಬೇಕು. ಸಣ್ಣ ಮಗುವಿಗೆ ತನ್ನೊಳಗೆ ಆಗುತ್ತಿರುವುದು ಹಸಿವೋ, ಭಯವೋ, ಬೇಸರವೋ ತಿಳಿಯುವುದಿಲ್ಲ. ಅತ್ತಾಗಲೆಲ್ಲ ನಾವು ಕೈಗೆ ಐದು ರೂಪಾಯಿಯ ಪಾಕೀಟು ಕೊಟ್ಟರೆ, ಬೇಜಾರಾದರೆ ತಿನ್ನಬೇಕು ಎಂದು ಮಗು ಕಲಿಯುತ್ತದೆ.

ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಸಂಶೋಧಕರು ನಾಲ್ಕು ವರ್ಷದ 801 ಮಕ್ಕಳನ್ನು ಹತ್ತು ವರ್ಷದವರೆಗೆ ಗಮನಿಸಿದರು. ಸಮಾಧಾನಕ್ಕೆಂದು ತಿನಿಸು ಪಡೆಯುತ್ತಿದ್ದ ಮಕ್ಕಳು ಮುಂದೆ ಬೇಜಾರಾದಾಗೆಲ್ಲ ತಿನ್ನುವ ಸಾಧ್ಯತೆ ಹೆಚ್ಚಿತ್ತು. ತಿನಿಸಿಗೆ ಬೇಗ ಸಮಾಧಾನವಾಗುವ ಮಕ್ಕಳಿಗೆ ಹೆತ್ತವರೂ ಹೆಚ್ಚು ತಿನಿಸು ಕೊಡುತ್ತಿದ್ದರು. ಬೇಗ ಸಿಟ್ಟಾಗುವ, ಬೇಗ ಅಳುವ ಮಕ್ಕಳು ಈ ಸುಳಿಗೆ ಸುಲಭವಾಗಿ ಬೀಳುತ್ತಿದ್ದರು. ಅಂದರೆ ಅತಿಯಾದ ಹಟದ ಮಗುವೇ ಅತಿಯಾಗಿ ತಿನ್ನುವುದು ಕಾಕತಾಳೀಯವಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿ–ತಾಂಡಾಗಳಿಂದ ಅಪ್ಪ–ಅವ್ವ ಬೆಂಗಳೂರು, ಮುಂಬೈ, ಪುಣೆಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಆಯಿ–ಮುತ್ಯಾನ ಹತ್ತಿರ ಉಳಿಯುತ್ತಾರೆ. ಅವ್ವ ಬೇಕು ಎಂದು ಅಳುವ ಕೂಸಿಗೆ ಆಯಿ ಏನು ಕೊಟ್ಟಾಳು? ಪಕ್ಕದ ಅಂಗಡಿಯ ಬಿಸ್ಕತ್ತು ಕೊಡಿಸುತ್ತಾಳೆ. ಅದು ಪ್ರೀತಿಯೇ, ಆಯಿಯನ್ನು ದೂರುವಂತಿಲ್ಲ. ಆದರೆ ಕೂಸು ಕೇಳುತ್ತಿರುವುದು ಅವ್ವನನ್ನು. ಬಿಸ್ಕತ್ತು ಎಷ್ಟು ತಿಂದರೂ ಆ ಹಸಿವು ತೀರುವುದಿಲ್ಲ. ಹಿಂದೆ ಊಟವಿಲ್ಲದ ದಿನಗಳನ್ನು ಕಂಡ ಮಕ್ಕಳು ರೊಟ್ಟಿಯನ್ನು ಹಾಸಿಗೆಯಡಿ, ಚೀಲದೊಳಗೆ ಬಚ್ಚಿಡುವುದೂ ಉಂಟು. ಅದನ್ನು ಕಳ್ಳತನ ಎನ್ನಬೇಡಿ. ನಾಳೆ ಸಿಗದಿದ್ದರೆ ಎಂಬ ಹೆದರಿಕೆ ಅದು.

ಡಬ್ಬಿಗೆ ಬೀಗ ಹಾಕಿದರೆ ಸರಿಹೋಗುತ್ತದೆಯೇ?

ಹೆಚ್ಚಿನ ಮಕ್ಕಳಲ್ಲಿ ಇದು ಆಸೆಯನ್ನು ಇನ್ನೂ ಕೆರಳಿಸುತ್ತದೆ. 1999ರಲ್ಲಿ ಅಮೆರಿಕದ ಸಂಶೋಧಕಿಯರಾದ ಫಿಶರ್ ಮತ್ತು ಬರ್ಚ್ ಸಣ್ಣ ಮಕ್ಕಳ ಕಣ್ಣೆದುರಿಗೇ ಒಂದು ತಿಂಡಿ ಇಟ್ಟು, ಅದನ್ನು ಮುಟ್ಟಲು ನಿರ್ಬಂಧ ಹಾಕಿ ನೋಡಿದರು. ಮಕ್ಕಳು ಆ ತಿಂಡಿಯ ಬಗ್ಗೆಯೇ ಹೆಚ್ಚು ಮಾತಾಡಿದರು, ಅದನ್ನೇ ಹೆಚ್ಚು ಕೇಳಿದರು. ಪ್ರಾಡರ್–ವಿಲ್ಲಿಯಂಥ ಕಾಯಿಲೆಯಲ್ಲಿ ಮಾತ್ರ ವೈದ್ಯರೇ ಆಹಾರಕ್ಕೆ ಬೀಗ ಹಾಕಲು ಹೇಳುತ್ತಾರೆ. ಉಳಿದವರು ಮನೆಗೆ ತರುವುದನ್ನೇ ಬದಲಿಸುವುದು ಒಳ್ಳೆಯದು. ಪಾಕೀಟು ಮನೆಯಲ್ಲಿ ಇಲ್ಲದಿದ್ದರೆ ಜಗಳವೂ ಕಡಿಮೆ.

ಮನೆಯಲ್ಲಿ ಏನು ಮಾಡಬಹುದು?

1. ಊಟಕ್ಕೆ ಹೊತ್ತು ಗೊತ್ತುಮಾಡಿ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಸಣ್ಣ ತಿಂಡಿ. ಮುಂದಿನ ಊಟ ಬರುತ್ತದೆ ಎಂಬ ಭರವಸೆ ಬಂದರೆ ಮಗುವಿನ ಅವಸರ ಇಳಿಯುತ್ತದೆ.

2. ಏನು, ಯಾವಾಗ ಎಂಬುದನ್ನು ನೀವು ನಿರ್ಧರಿಸಿ. ಎಷ್ಟು ತಿನ್ನಬೇಕು ಎಂಬುದು ಮಗುವಿಗೆ ಬಿಡಿ. ಊಟದ ಹೊತ್ತಿಗೆ ಇನ್ನೊಂದು ರೊಟ್ಟಿ ಕೇಳಿದರೆ ಕೊಡಿ.

3. ಹೊತ್ತಲ್ಲದ ಹೊತ್ತಲ್ಲಿ ಅತ್ತರೆ ಮೊದಲು ತಿನಿಸು ಬೇಡ. ತೊಡೆ ಮೇಲೆ ಕೂಡಿಸಿಕೊಂಡು, ‘ಅವ್ವನ ನೆನಪಾಯ್ತಾ? ಸಿಟ್ಟು ಬಂತಾ?’ ಎಂದು ಕೇಳಿ. ಅವ್ವ ದೂರವಿದ್ದರೆ ದಿನಾ ಒಂದೇ ಹೊತ್ತಿಗೆ ಫೋನಿನಲ್ಲಿ ಮಾತಾಡಿಸಿ. ನಿಜವಾಗಿ ಹಸಿದಿದ್ದರೆ ಮಾತ್ರ ಬಾಳೆಹಣ್ಣೋ, ಮೊಸರಲ್ಲಿ ನೆನೆಸಿದ ರೊಟ್ಟಿಯೋ ಕೊಡಿ.

4. ‘ಹೊಟ್ಟೆಬಾಕ’ ಎಂದು ಕರೆಯಬೇಡಿ. ನಾಚಿಕೆಯಾದ ಮಗು ಕದ್ದು ತಿನ್ನಲು ಕಲಿಯುತ್ತದೆ.

5. ಊಟದ ಹೊತ್ತಿಗೆ ಮೊಬೈಲ್ ದೂರ ಇಡಿ. ಮೊಬೈಲ್ ನೋಡುತ್ತ ತಿಂದರೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ.

6. ನಿದ್ದೆ ಸಾಕಾಗಲಿ. 3–4 ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿದ್ದೆಗೆಟ್ಟರೆ ಹಟವೂ ಹೆಚ್ಚು, ಹಸಿವೂ ಹೆಚ್ಚು.

ಯಾರ ಹತ್ತಿರ ಹೋಗಬೇಕು?

ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಅವರಿಂದ ಶುರುಮಾಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕೆಂಬ ನಿಯಮವಿದೆ. ತಂಡ ಬಂದ ದಿನ ಮಗುವನ್ನು ತಪ್ಪದೆ ಕಳಿಸಿ, ಊಟ ಮತ್ತು ಹಟದ ವಿಷಯ ಎರಡನ್ನೂ ಹೇಳಿ. ಶಹಾಪುರ, ಸುರಪುರದವರು ತಾಲೂಕು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರನ್ನು ಕಾಣಿ. ಮನೋವೈದ್ಯರು ಬರುವ ದಿನ ಯಾವುದು ಎಂದು ಅಲ್ಲೇ ಕೇಳಿಕೊಳ್ಳಿ. ಹೆಚ್ಚಿನ ತಪಾಸಣೆ ಬೇಕಾದರೆ ಯಾದಗಿರಿಯ ಜಿಲ್ಲಾ ಆಸ್ಪತ್ರೆ ಇದೆ. ದೂರ ಹೋಗಲು ಆಗದವರು 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ. ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಒಟ್ಟಾರೆ ಹೇಳುವುದಾದರೆ

‘ಹೆಚ್ಚು ತಿನ್ನುವ ಮಗುವಿಗೆ ಜಂತುಹುಳು ಇದೆ, ಊಟ ಕಡಿಮೆ ಮಾಡಿ’ ಎಂಬುದು ತಪ್ಪು ಸಲಹೆ. ಮೊದಲು ತೂಕ ನೋಡಿ. ಆಮೇಲೆ ಕಾಯಿಲೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಕೊನೆಗೆ, ಮಗು ಯಾವುದಕ್ಕೆ ಅಳುತ್ತಿದೆ ಎಂದು ಕೇಳಿಸಿಕೊಳ್ಳಿ. ಆ ಹಳೆಯ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಇದನ್ನು ಹಾಕಿ. ಯಾವುದೋ ಮನೆಯಲ್ಲಿ ಒಂದು ಕೂಸಿನ ತಟ್ಟೆ ಖಾಲಿಯಾಗುವುದು ತಪ್ಪಬಹುದು.